ಓಕ್ ಪಾರ್ಕಿಗೆ ಒಂದು ದಿನ ಸಾಕಾ?

ಅಪ್ಪ ಅಮ್ಮನನ್ನು ಷಿಕಾಗೋ ಪಕ್ಕದ ಓಕ್ ಪಾರ್ಕಿಗೆ ಕಾರಿಲ್ಲದೆ ಕರೆದುಕೊಂಡು ಹೋಗಬಹುದಾ, ಒಂದು ದಿನ ಸಾಕಾ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ, ಒಂದು ದಿನ ಸಾಕು. ಡೌನ್‌ಟೌನ್‌ನಿಂದ ಗ್ರೀನ್ ಲೈನ್ ರೈಲು ನೇರ ಅಲ್ಲಿಗೇ ಹೋಗುತ್ತದೆ.

ಮೊದಲು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1889ರಲ್ಲಿ ತಮಗಾಗಿ ಕಟ್ಟಿಕೊಂಡ ಮನೆ ನೋಡಿ. ಆಮೇಲೆ ಸೇರಿಸಿದ ಸ್ಟುಡಿಯೋ ಕೂಡ ಅಲ್ಲೇ ಇದೆ. ಒಳಗೆ ಗೈಡ್ ಜೊತೆ ಹೋಗಬೇಕು, ಟಿಕೆಟ್ ಮೊದಲೇ ಬುಕ್ ಮಾಡಿ. ನಂತರ ಫಾರೆಸ್ಟ್ ಅವೆನ್ಯೂ ಉದ್ದಕ್ಕೂ ಸುಮ್ನೆ ನಡೆಯಿರಿ. ಅವರು ವಿನ್ಯಾಸ ಮಾಡಿದ ಇನ್ನೂ ಹಲವು ಮನೆಗಳು ಸಿಗುತ್ತವೆ. ಜನ ವಾಸವಿರುವ ಮನೆಗಳು, ಹಾಗಾಗಿ ಫುಟ್‌ಪಾತ್‌ನಿಂದಲೇ ನೋಡಬೇಕು.

ರೈಟ್ ಅವರೇ ವಿನ್ಯಾಸ ಮಾಡಿದ ಚರ್ಚ್ ಯೂನಿಟಿ ಟೆಂಪಲ್ ಮಾತ್ರ ಬಿಡಬೇಡಿ. ಹೊರಗಿನಿಂದ ಬರೀ ಕಾಂಕ್ರೀಟ್ ಡಬ್ಬ. ಒಳಗೆ ಬಣ್ಣದ ಗಾಜಿನಿಂದ ಇಳಿಯುವ ಬೆಳಕು ನೋಡಿದರೆ, 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಯಾಕೆ ಸೇರಿತು ಎಂದು ಗೊತ್ತಾಗುತ್ತದೆ. ಈಗಲೂ ಪ್ರಾರ್ಥನೆ ನಡೆಯುವ ಜಾಗ, ಭಾನುವಾರ ಬೆಳಿಗ್ಗೆ ಬೇಡ.

ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ 1899ರಲ್ಲಿ ಹುಟ್ಟಿದ ಮನೆಯೂ ಇದೇ ಊರಲ್ಲಿದೆ. ಓದುವ ಹುಚ್ಚಿದ್ದರೆ ಹೋಗಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಚಳಿ ಜಾಸ್ತಿಯಿದ್ದರೆ ಓಕ್ ಪಾರ್ಕ್ ಕನ್ಸರ್ವೇಟರಿಯ ಗಾಜಿನ ಮನೆಗೆ ಹೋಗಿ. ಗಿಡಗಳ ಜೊತೆ ಅಪ್ಪ ಅಮ್ಮನೂ ಬೆಚ್ಚಗಿರುತ್ತಾರೆ. ಅದಕ್ಕೆ ಹತ್ತಿರ ಬ್ಲೂ ಲೈನ್‌ನ ಸ್ಟೇಷನ್, ಗ್ರೀನ್ ಲೈನ್‌ನದ್ದಲ್ಲ.