ಅಕ್ಕಿ ರೊಟ್ಟಿ ಬಿರಿಯುವುದೇಕೆ, ಬಾಣಲೆಗೆ ಹಿಡಿಯುವುದೇಕೆ?

ಅಡುಗೆಮನೆ ಪ್ರಶ್ನೋತ್ತರ: ಈ ಸಲ ತರಕಾರಿ ಹಾಕಿದ ಅಕ್ಕಿ ರೊಟ್ಟಿ

ಪ್ರಶ್ನೆ: ಕ್ಯಾರೆಟ್, ಸಬ್ಬಸಿಗೆ ಸೊಪ್ಪು, ಈರುಳ್ಳಿ ಹಾಕಿ ಅಕ್ಕಿ ರೊಟ್ಟಿ ಮಾಡುತ್ತೇನೆ. ತಟ್ಟುವಾಗಲೇ ಅಂಚು ಬಿರಿಯುತ್ತದೆ, ಮಗುಚುವಾಗ ಎರಡು ತುಂಡಾಗುತ್ತದೆ. ಸ್ವಲ್ಪ ಗೋಧಿ ಹಿಟ್ಟು ಸೇರಿಸಲೇ? ಸರಿಯಾದ ಅಳತೆಯನ್ನೂ ತಿಳಿಸಿ.
– ಓದುಗರು, ತುಮಕೂರು

ಉತ್ತರ: ಗೋಧಿ ಹಿಟ್ಟು ಬೇಡ. ಹಾಕಿದರೆ ರೊಟ್ಟಿ ಒಡೆಯುವುದಿಲ್ಲ ನಿಜ, ಆದರೆ ಗರಿಗರಿತನ ಹೋಗಿ ಜಗಿದಷ್ಟೂ ಎಳೆಯುತ್ತದೆ. ಅದು ಅಕ್ಕಿ ರೊಟ್ಟಿ ಅನ್ನಿಸಿಕೊಳ್ಳುವುದಿಲ್ಲ. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಹಿಡಿತ ಕೊಡುವ ಪ್ರೋಟೀನ್) ಇಲ್ಲದ್ದರಿಂದ ತಣ್ಣೀರಿನಲ್ಲಿ ಎಷ್ಟು ನಾದಿದರೂ ಹಿಡಿತ ಬರುವುದಿಲ್ಲ. ಕುದಿಯುವ ನೀರು ಬಿದ್ದರೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಅದೇ.

ಅಳತೆ ಹೀಗಿರಲಿ. ಅಕ್ಕಿ ಹಿಟ್ಟು 2 ಕಪ್ (ಸುಮಾರು 300 ಗ್ರಾಂ), ಒಂದು ದೊಡ್ಡ ಕ್ಯಾರೆಟ್, ಒಂದು ಈರುಳ್ಳಿ, ಹೆಚ್ಚಿದ ಸಬ್ಬಸಿಗೆ ಒಂದು ಹಿಡಿ, ತೆಂಗಿನ ತುರಿ ಅರ್ಧ ಕಪ್, ಹಸಿಮೆಣಸಿನಕಾಯಿ 3, ಜೀರಿಗೆ ಒಂದು ಚಮಚ, ಕರಿಬೇವು, ಕೊತ್ತಂಬರಿ, ಉಪ್ಪು. ಇಷ್ಟರಲ್ಲಿ ಕಿತ್ತಳೆ ಗಾತ್ರದ 6 ಉಂಡೆಗಳಾಗುತ್ತವೆ.

ಮೊದಲು ತರಕಾರಿಗೆ ಉಪ್ಪು ಹಾಕಿ ಹಿಸುಕಿ, 5 ನಿಮಿಷ ಬಿಡಿ. ಅದರ ನೀರು ಈಗಲೇ ಹೊರಗೆ ಬರಲಿ, ಕಲಸಿದ ಮೇಲೆ ಬಂದರೆ ಹಿಟ್ಟು ಅಳ್ಳಕವಾಗುತ್ತದೆ. ಆಮೇಲೆ ಹಿಟ್ಟು, ತೆಂಗಿನ ತುರಿ, ಉಳಿದದ್ದೆಲ್ಲ ಸೇರಿಸಿ, ಕುದಿಯುವ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಸೌಟಿನ ಹಿಡಿಯಲ್ಲಿ ಕಲಕಿ. ಒಂದು ಕಪ್ ನೀರಿನ ಹತ್ತಿರ ಬಂದಾಗ ಕೈ ಬಿಗಿಹಿಡಿಯಿರಿ. ಹಳೆ ಅಕ್ಕಿಯ ಹಿಟ್ಟಾದರೆ ಇನ್ನೂ ಕಾಲು ಕಪ್ ಕುಡಿಯಬಹುದು. ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ, ಮುಚ್ಚಿ 10 ನಿಮಿಷ ಇಡಿ. ಹದ ಚಪಾತಿ ಹಿಟ್ಟಿಗಿಂತ ಸಡಿಲ, ವಡೆ ಹಿಟ್ಟಿಗಿಂತ ಗಟ್ಟಿ. ನಿಂಬೆಹಣ್ಣಿನಷ್ಟು ತೆಗೆದುಕೊಂಡು ಅಂಗೈ ಮೇಲೆ ಒತ್ತಿ ನೋಡಿ: ಅಂಚು ಸೀಳಿದರೆ ನೀರು ಸಾಲದು, ಕೈಗೆ ಮೆತ್ತಿದರೆ ಹೆಚ್ಚಾಗಿದೆ.

ಮಗುಚುವಾಗ ತುಂಡಾಗುವುದಕ್ಕೆ ಇನ್ನೊಂದು ಕಾರಣ ದಪ್ಪ ಹೋಳು. ಈರುಳ್ಳಿಯ ದೊಡ್ಡ ಹೋಳಿದ್ದ ಕಡೆಯೇ ರೊಟ್ಟಿ ಸೀಳುತ್ತದೆ. ಸಣ್ಣಗೆ ಹೆಚ್ಚಿ, ಸಬ್ಬಸಿಗೆಯ ದಪ್ಪ ದಂಟು ತೆಗೆದುಬಿಡಿ.

ಪ್ರಶ್ನೆ: ಬಾಣಲೆಯಲ್ಲೇ ತಟ್ಟುತ್ತೇನೆ. ಮೊದಲನೇ ರೊಟ್ಟಿ ಚೆನ್ನಾಗಿ ಬರುತ್ತದೆ, ಎರಡನೆಯದು ಹರಡುವುದೇ ಇಲ್ಲ.
– ಓದುಗರು, ಹಾಸನ

ಉತ್ತರ: ಬಾಣಲೆ ಬಿಸಿ ಇರುವಾಗ ತಟ್ಟುತ್ತಿದ್ದೀರಿ. ಉಂಡೆ ತಗುಲಿದ ತಕ್ಷಣ ತಳ ಬೆಂದು ಹಿಡಿದುಕೊಳ್ಳುತ್ತದೆ, ಮೇಲಿನ ಹಿಟ್ಟು ಮಾತ್ರ ಕೈಗೆ ಬರುತ್ತದೆ. ಎರಡು ಬಾಣಲೆ ಇಟ್ಟುಕೊಳ್ಳುವುದೇ ಸುಲಭ: ಒಂದು ಒಲೆ ಮೇಲಿರುವಾಗ ಇನ್ನೊಂದು ಆರುತ್ತಿರಲಿ. ಕಬ್ಬಿಣ ಅಥವಾ ಅಲ್ಯೂಮಿನಿಯಂ ಬಾಣಲೆ ಒಂದೇ ಇದ್ದರೆ ಬೋರಲು ಹಾಕಿ ಬೆನ್ನಿನ ಮೇಲೆ ನೀರು ಹಾಕಿ ಆರಿಸುವ ರೂಢಿಯೂ ಉಂಟು. ನಾನ್‌ಸ್ಟಿಕ್‌ಗೆ ಮಾತ್ರ ಹೀಗೆ ಮಾಡಬೇಡಿ, ತಳ ಸೊಟ್ಟಗಾಗುತ್ತದೆ. ಇಲ್ಲದಿದ್ದರೆ ಎಣ್ಣೆ ಸವರಿದ ಬಾಳೆಲೆ ಅಥವಾ ಒದ್ದೆ ಬಟ್ಟೆಯ ಮೇಲೆ ತಟ್ಟಿ, ಕಾದ ಕಾವಲಿಗೆ ಬೋರಲು ಹಾಕಿ, ಎಲೆಯನ್ನೋ ಬಟ್ಟೆಯನ್ನೋ ಮೆಲ್ಲಗೆ ಸುಲಿಯಿರಿ.

ದಪ್ಪ 3–4 ಮಿಲಿಮೀಟರ್ ಸಾಕು. ಬೆರಳಿನಿಂದ ನಾಲ್ಕೈದು ತೂತು ಮಾಡಿ, ಒಂದೊಂದಕ್ಕೂ ಎರಡು ತೊಟ್ಟು ಎಣ್ಣೆ ಬಿಡಿ. ತೂತು ಅಂದಕ್ಕಲ್ಲ; ಎಣ್ಣೆ ತಳಕ್ಕಿಳಿಯುವುದು ಅಲ್ಲಿಂದಲೇ. ಮುಚ್ಚಳ ಮುಚ್ಚಿ ನಡುವುರಿಯಲ್ಲಿ ಸುಮಾರು 4 ನಿಮಿಷ. ಅಂಚು ತಾನಾಗಿ ಏಳುವ ತನಕ ಸಟ್ಟುಗ ಹಾಕಬೇಡಿ. ಮಗುಚಿದ ಮೇಲೆ ಮುಚ್ಚಳ ಬೇಡ, ಹಬೆಗೆ ಮೆತ್ತಗಾಗುತ್ತದೆ.

ಪ್ರಶ್ನೆ: ಸೌತೆಕಾಯಿ ತುರಿದು ಹಾಕಿದೆ. ನೀರಾಯಿತೆಂದು ಹಿಟ್ಟು ಸೇರಿಸಿದೆ, ಮತ್ತೆ ನೀರಾಯಿತು. ಕೊನೆಗೆ ರೊಟ್ಟಿ ಕಲ್ಲಿನಂತಾಯಿತು.
– ಓದುಗರು, ಪುತ್ತೂರು

ಉತ್ತರ: ಸೌತೆಕಾಯಿಗೆ ಬೇರೆ ನೀರೇ ಬೇಡ. 2 ಕಪ್ ತುರಿಗೆ ಉಪ್ಪು ಬೆರೆಸಿ 10 ನಿಮಿಷ ಬಿಟ್ಟು ಹಿಂಡಿ. ಬಂದ ರಸವನ್ನು ಚೆಲ್ಲದೆ ಪುಟ್ಟ ಪಾತ್ರೆಯಲ್ಲಿ ಕುದಿಸಿ, ಅದರಲ್ಲೇ ಸುಮಾರು ಒಂದೂವರೆ ಕಪ್ ಹಿಟ್ಟನ್ನು ಕಲಸಿ, ಆಮೇಲೆ ತುರಿ ಸೇರಿಸಿ. ರಸ ಸಾಲದಿದ್ದರೆ ಮಾತ್ರ ಒಂದೆರಡು ಚಮಚ ಬಿಸಿನೀರು. ಕಲಸಿದ್ದನ್ನು ಇಡದೆ ಕೂಡಲೇ ತಟ್ಟಿಬಿಡಿ. ಸೋರೆಕಾಯಿ, ಮೂಲಂಗಿಗೂ ಇದೇ ಕ್ರಮ. ಈಗಾಗಲೇ ನೀರಾಗಿಬಿಟ್ಟಿದ್ದರೆ ಹಿಟ್ಟು ಸುರಿಯುತ್ತಾ ಹೋಗಬೇಡಿ. ಇನ್ನಷ್ಟು ತೆಳ್ಳಗೆ ಮಾಡಿ ದೋಸೆ ಹೊಯ್ಯಿರಿ, ಸೌತೆಕಾಯಿ ದೋಸೆ ಏನೂ ಕಡಿಮೆಯದಲ್ಲ.

ಪ್ರಶ್ನೆ: ಇಲ್ಲಿನ ಏಷ್ಯನ್ ಅಂಗಡಿಯಲ್ಲಿ ತಂದ ಅಕ್ಕಿ ಹಿಟ್ಟಿನಲ್ಲಿ ಮಾಡಿದರೆ ರೊಟ್ಟಿ ಬೇಯುವುದೇ ಇಲ್ಲ, ಒಳಗೆಲ್ಲ ಅಂಟಂಟು. ಒಲೆ ಇಂಡಕ್ಷನ್.
– ಓದುಗರು, ಡಲ್ಲಾಸ್

ಉತ್ತರ: ಪೊಟ್ಟಣ ನೋಡಿ. ‘ಗ್ಲುಟಿನಸ್’ ಅಥವಾ ‘ಸ್ವೀಟ್ ರೈಸ್’ ಎಂದಿದ್ದರೆ ಅದು ಅಂಟಕ್ಕಿಯ ಹಿಟ್ಟು, ಎಷ್ಟು ಬೇಯಿಸಿದರೂ ಹಾಗೆಯೇ. ಸಾದಾ ಅಕ್ಕಿ ಹಿಟ್ಟು ತನ್ನಿ. ತೀರಾ ನುಣುಪಾಗಿದ್ದರೆ ಎರಡು ಚಮಚ ಚಿರೋಟಿ ರವೆ ಸೇರಿಸಿ, ಗರಿಗರಿಯಾಗುತ್ತದೆ. ಇಂಡಕ್ಷನ್‌ಗೆ ಗುಂಡು ತಳದ ಬಾಣಲೆ ಆಗದು. ಬೇಕಿಂಗ್ ಪಾರ್ಚ್‌ಮೆಂಟ್ ಹಾಳೆ ಮೇಲೆ ತಟ್ಟಿ, ಚಪ್ಪಟೆ ಕಬ್ಬಿಣದ ಕಾವಲಿಗೆ ಬೋರಲು ಹಾಕಿ. ಅರ್ಧ ನಿಮಿಷದಲ್ಲಿ ಹಾಳೆ ತಾನೇ ಬಿಡುತ್ತದೆ.

ಪ್ರಶ್ನೆ: ಡಬ್ಬಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಗಟ್ಟಿ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಬೆಂದ ಅಕ್ಕಿ ಆರಿದಾಗ ಬಿಗಿಯುವುದು ಅದರ ಗುಣ. ಕಲಸುವಾಗ ಒಂದು ಹಿಡಿ ಅನ್ನ ರುಬ್ಬಿ ಹಾಕಿ, ತೆಂಗಿನ ತುರಿ ಧಾರಾಳವಾಗಿರಲಿ, ರೊಟ್ಟಿ ಸ್ವಲ್ಪ ದಪ್ಪವೇ ಇರಲಿ. ಉಗುರುಬೆಚ್ಚಗಿರುವಾಗ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಸುಡುಸುಡು ಹಾಕಿದರೆ ಬೆವತು ಒದ್ದೆಯಾಗುತ್ತದೆ. ಅವರೆಕಾಳು ಹಾಕುವುದಾದರೆ ಮೊದಲೇ ಮೆತ್ತಗೆ ಬೇಯಿಸಿಕೊಳ್ಳಿ. ಹಸಿ ಕಾಳು ರೊಟ್ಟಿ ಬೇಯುವಷ್ಟರಲ್ಲಿ ಬೇಯುವುದಿಲ್ಲ. ಬೇಯಿಸಿದ ನೀರನ್ನೇ ಕುದಿಸಿ ಹಿಟ್ಟು ಕಲಸಲು ಬಳಸಿ.