ಪೆಗ್ಮಟೈಟ್ ಕಲ್ಲಿನಲ್ಲಿ ತವರದ ಅದಿರು ಯಾಕೆ ಸಿಗುತ್ತದೆ?

ಗ್ರಾನೈಟ್ ಆಗುವ ಶಿಲಾರಸದಲ್ಲಿ ತವರ ಕೊನೆಯವರೆಗೂ ಉಳಿದುಬಿಡುತ್ತದೆ, ದಪ್ಪ ದಪ್ಪ ಹರಳುಗಳಿರುವ ಪೆಗ್ಮಟೈಟ್ ಕಲ್ಲು ಹುಟ್ಟುವುದೇ ಆ ಕೊನೆಯ ರಸದಿಂದ. ಮೊದಲು ಗಟ್ಟಿಯಾಗುವ ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಹರಳುಗಳಲ್ಲಿ ತವರದ ಪರಮಾಣು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಉಳಿದ ರಸದಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತಾ ಹೋಗುತ್ತದೆ. ಜೊತೆಗೆ ನೀರು, ಲಿಥಿಯಂ, ಫ್ಲೋರಿನ್ ಕೂಡ ಸೇರಿ ರಸ ಬೇಗ ಹೆಪ್ಪುಗಟ್ಟದೆ ಬಂಡೆಯ ಬಿರುಕುಗಳಿಗೆ ನುಗ್ಗುತ್ತದೆ. ಅಲ್ಲಿ ತವರ ಆಮ್ಲಜನಕದೊಂದಿಗೆ ಕೂಡಿ ಕ್ಯಾಸಿಟರೈಟ್ ಎಂಬ ಕಂದುಗಪ್ಪು ಖನಿಜವಾಗುತ್ತದೆ. ಎಲ್ಲ ಪೆಗ್ಮಟೈಟಿನಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ಬಹುಪಾಲು ಸುಮ್ನೆ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಅಷ್ಟೇ.

ಛತ್ತೀಸಗಢದ ಬಸ್ತರ್ ಕಡೆ ತವರವಿರುವ ಇಂಥ ಬಂಡೆಗಳು ಸವೆದು ಅದಿರಿನ ಕಾಳುಗಳು ಹಳ್ಳ ಸೇರಿವೆ. ಕ್ಯಾಸಿಟರೈಟ್ ಬೆಣಚಿಗಿಂತ ಎರಡೂವರೆ ಪಟ್ಟು ಭಾರ. ಅಲ್ಲಿನ ಆದಿವಾಸಿಗಳು ಅಕ್ಕಿ ಜಾಲಿಸಿದ ಹಾಗೆ ಮರಳನ್ನು ಜಾಲಿಸುತ್ತಾರೆ. ಮರಳು ಹರಿದುಹೋಗಿ ಕಪ್ಪು ಕಾಳು ತಳದಲ್ಲಿ ನಿಲ್ಲುತ್ತದೆ.