ಹಾಲಿ ಚಾಂಪಿಯನ್ ಒಹಾಯೊ ಸ್ಟೇಟ್‌: 2025ರಲ್ಲಿಯೂ ಗೆದ್ದೀತೇ?

ಪ್ರಶ್ನೆ: ನನ್ನ ಮಗ ಅಮೆರಿಕದ ಕೊಲಂಬಸ್‌ನಲ್ಲಿರುವ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ 2025ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗಿನಿಂದ ಫೋನ್ ಮಾಡಿದಾಗಲೆಲ್ಲ ಅವನದು ಅದೇ ಮಾತು. ಆಗಸ್ಟ್ 30ಕ್ಕೆ ಆರಂಭವಾಗುವ 2025ರ ಋತುವಿನಲ್ಲಿಯೂ ಗೆಲುವು ತಮ್ಮದೇ ಎನ್ನುತ್ತಾನೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?
– ಓದುಗರು, ಶಿವಮೊಗ್ಗ

ಉತ್ತರ: ಅರ್ಧದಷ್ಟು ನಂಬಬಹುದು. ಒಹಾಯೊ ಸ್ಟೇಟ್ ಪ್ಲೇಆಫ್ (ಋತುವಿನ ಕೊನೆಗೆ ಪ್ರಶಸ್ತಿಗಾಗಿ ನಡೆಯುವ ನಾಕೌಟ್ ಹಂತ) ತಲುಪುವುದರ ಬಗ್ಗೆ ನನಗೆ ಅಷ್ಟಾಗಿ ಅನುಮಾನವಿಲ್ಲ. ಪ್ರಶಸ್ತಿಯನ್ನು ಉಳಿಸಿಕೊಳ್ಳುವುದು ಬೇರೆಯೇ ಮಾತು. 2013–14ರಲ್ಲಿ ರಣಜಿ ಟ್ರೋಫಿ ಗೆದ್ದ ಕರ್ನಾಟಕ ಮರುವರ್ಷವೂ ಅದನ್ನು ಗೆದ್ದಾಗ ನಾಯಕ ವಿನಯ್ ಕುಮಾರ್ ಸೇರಿದಂತೆ ತಂಡದ ಬೆನ್ನೆಲುಬು ಹಾಗೆಯೇ ಉಳಿದಿತ್ತು. ಕಾಲೇಜು ಫುಟ್‌ಬಾಲಿನಲ್ಲಿ ಆ ಅನುಕೂಲ ಇರುವುದಿಲ್ಲ. ಚಾಂಪಿಯನ್ ತಂಡದ 14 ಆಟಗಾರರು 2025ರ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ವೃತ್ತಿಪರ ತಂಡಗಳ ಪಾಲಾದರು. ಆ ವರ್ಷ ಬೇರಾವ ವಿಶ್ವವಿದ್ಯಾಲಯವೂ ಇಷ್ಟು ಮಂದಿಯನ್ನು ಕಳುಹಿಸಲಿಲ್ಲ.

ಹೋದವರಲ್ಲಿ ಆಕ್ರಮಣವನ್ನು ನಡೆಸಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಇದ್ದಾರೆ, ಚೆಂಡು ಹಿಡಿದು ಓಡುತ್ತಿದ್ದ ಹೆಂಡರ್ಸನ್ ಮತ್ತು ಜುಡ್ಕಿನ್ಸ್ ಇದ್ದಾರೆ. ಆದರೆ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ರಕ್ಷಣಾ ವಿಭಾಗದ ಮುಂಚೂಣಿಯ ನಾಲ್ವರೂ ಒಟ್ಟಿಗೇ ತೆರಳಿರುವುದು. ಎದುರಾಳಿಯ ಓಟವನ್ನು ಹೊರಟಲ್ಲಿಯೇ ತಡೆದು, ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಬಿಡುವು ಕೊಡದೆ ಕಾಡುತ್ತಿದ್ದವರು ಅವರೇ. ಪಂದ್ಯಕ್ಕೆ ಸರಾಸರಿ 12.9 ಅಂಕಗಳನ್ನಷ್ಟೇ ಬಿಟ್ಟುಕೊಟ್ಟು ಕಳೆದ ಋತುವಿನಲ್ಲಿ ದೇಶಕ್ಕೇ ಮೊದಲಿಗನಾಗಿದ್ದ ಆ ರಕ್ಷಣೆಯನ್ನು ಕಟ್ಟಿದ ಕೋಚ್ ಜಿಮ್ ನೋಲ್ಸ್ ಕೂಡ 2025ರಲ್ಲಿ ಎದುರಾಳಿ ವಿಶ್ವವಿದ್ಯಾಲಯವಾದ ಪೆನ್ ಸ್ಟೇಟ್‌ಗೆ ಹೋದರು. ಅವರ ಜಾಗಕ್ಕೆ ಬಂದಿರುವ ಮ್ಯಾಟ್ ಪಟ್ರೀಷಿಯಾ ವೃತ್ತಿಪರ ಲೀಗ್‌ನಲ್ಲಿ ಪಳಗಿದವರು. ಆದರೆ ವೃತ್ತಿಪರರನ್ನು ಆಡಿಸುವುದು ಬೇರೆ, ಹತ್ತೊಂಬತ್ತು ಇಪ್ಪತ್ತರ ಹುಡುಗರನ್ನು ತಿದ್ದುವುದು ಬೇರೆ.

ಉಳಿದವರ ಪೈಕಿ ಇಬ್ಬರು ಅಪರೂಪದವರು. ಮೊದಲ ವರ್ಷದಲ್ಲಿಯೇ 76 ಬಾರಿ ಚೆಂಡು ಹಿಡಿದು 1,315 ಗಜಗಳನ್ನೂ 15 ಟಚ್‌ಡೌನ್‌ಗಳನ್ನೂ (ಚೆಂಡನ್ನು ಎದುರಾಳಿಯ ಅಂತಿಮ ವಲಯಕ್ಕೆ ತಲುಪಿಸಿ ಪಡೆಯುವ ಅಂಕ) ಗಳಿಸಿದ ಜೆರೆಮಯಾ ಸ್ಮಿತ್ ಒಬ್ಬರು; ಶಾಲೆ ಮುಗಿದು ಮೂರು ವರ್ಷ ತುಂಬುವವರೆಗೆ ಡ್ರಾಫ್ಟ್‌ಗೆ ಅರ್ಹತೆ ಇಲ್ಲವಾದ್ದರಿಂದ, ವೃತ್ತಿಪರ ಲೀಗ್ ಅವರಿಗಾಗಿ 2027ರವರೆಗೆ ಕಾಯಲೇಬೇಕು. ಹಿಂಭಾಗದಲ್ಲಿ ನಿಂತು ಇಡೀ ರಕ್ಷಣೆಯನ್ನು ಓದಬಲ್ಲ ಕೇಲಬ್ ಡೌನ್ಸ್ ಇನ್ನೊಬ್ಬರು. ಸ್ಮಿತ್‌ಗೆ ಚೆಂಡು ತಲುಪಿಸಬೇಕಾದ ಜೂಲಿಯನ್ ಸೇಯಿನ್ ಮಾತ್ರ ಇನ್ನೂ ಪರೀಕ್ಷೆಗೆ ಕೂರದ ವಿದ್ಯಾರ್ಥಿ. ಕಳೆದ ಋತುವಿನಲ್ಲಿ ಅವರು ಎಸೆದದ್ದು ಒಟ್ಟು 12 ಪಾಸ್‌ಗಳನ್ನು. ಅವರ ಕೈಚಳಕವನ್ನು ಹೊಗಳುವವರು ಬಹಳ. ಪಂದ್ಯದ ಕೊನೆಯ ಕಾಲು ಭಾಗವಾದ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಹಿಂದೆ ಬಿದ್ದಾಗ ಆ ಕೈ ನಡುಗುವುದೋ ಇಲ್ಲವೋ ಎಂಬುದನ್ನು ಇನ್ನೂ ಯಾರೂ ನೋಡಿಲ್ಲ.

ಪ್ರಶ್ನೆ: ಮೊದಲ ಪಂದ್ಯವೇ ಟೆಕ್ಸಸ್ ವಿರುದ್ಧವಂತೆ. ಅಲ್ಲಿಯೇ ಸೋತರೆ ಕಥೆ ಮುಗಿದಂತೆಯೇ?

ಉತ್ತರ: ಹಿಂದಾಗಿದ್ದರೆ ಬಹುಮಟ್ಟಿಗೆ ಹೌದು ಎನ್ನಬೇಕಿತ್ತು. 2024ರಿಂದ ಪ್ಲೇಆಫ್‌ಗೆ 12 ತಂಡಗಳನ್ನು ಸೇರಿಸುತ್ತಿರುವುದರಿಂದ ಒಂದು ಸೋಲು ಮುಳುವಾಗುವುದಿಲ್ಲ. ಇದಕ್ಕೆ ಒಹಾಯೊ ಸ್ಟೇಟ್‌ನದೇ ಸಾಕ್ಷಿ ಇದೆ: ಆರೆಗನ್‌ಗೆ 32–31ರಿಂದ, ತವರಿನಲ್ಲಿ ಮಿಷಿಗನ್‌ಗೆ 13–10ರಿಂದ ಸೋತು ಎಂಟನೆಯ ಶ್ರೇಯಾಂಕದಲ್ಲಿ ಒಳಬಂದ ತಂಡವು, ಟೆನ್ನೆಸ್ಸಿ, ಆರೆಗನ್, ಟೆಕ್ಸಸ್‌ಗಳನ್ನು ಸಾಲಾಗಿ ಮಣಿಸಿ, ಅಂತಿಮ ಪಂದ್ಯದಲ್ಲಿ ನೋಟರ್ ಡೇಮ್ ಅನ್ನು 34–23ರಿಂದ ಸೋಲಿಸಿತು. 2025ರ ಋತುವಿಗೆ ಮುನ್ನಿನ ಎ.ಪಿ. (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಶ್ರೇಯಾಂಕ ಪಟ್ಟಿಯಲ್ಲಿ ಟೆಕ್ಸಸ್ ಒಂದನೆಯ ಸ್ಥಾನದಲ್ಲಿದೆ, ಒಹಾಯೊ ಸ್ಟೇಟ್ ಮೂರನೆಯದರಲ್ಲಿ. ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಫುಟ್‌ಬಾಲಿನ ಪ್ರಸಿದ್ಧ ಮನೆತನದ ಕುಡಿಯಾದ್ದರಿಂದ ಗದ್ದಲ ಜೋರಾಗಿರುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಒಹಾಯೊ ಕ್ರೀಡಾಂಗಣದಲ್ಲಿ ಈ ಪಂದ್ಯ ನಡೆಯುವಾಗ ನಮ್ಮಲ್ಲಿ ರಾತ್ರಿ 9.30 ಆಗಿರುತ್ತದೆ, ನೀವೂ ಎದ್ದಿದ್ದು ನೋಡಬಹುದು.

ನನ್ನ ಲೆಕ್ಕದಲ್ಲಿ ಋತುವಿನ ತೀರ್ಮಾನ ನವೆಂಬರ್‌ನಲ್ಲಿದೆ. 29ರಂದು ತಂಡವು ಎದುರಾಳಿಯ ತವರೂರಾದ ಆ್ಯನ್ ಆರ್ಬರ್‌ಗೆ ಹೋಗಿ ಮಿಷಿಗನ್‌ನ್ನು ಎದುರಿಸಬೇಕು. 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಆ ಎದುರಾಳಿಗೆ ಸೋತಿರುವ ಮುಖ್ಯ ಕೋಚ್ ರಯನ್ ಡೇ ಅವರಿಗೆ, ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಮೇಲೂ, ಕೊಲಂಬಸ್‌ನ ಅಭಿಮಾನಿಗಳು ಆ ಬಾಕಿಯನ್ನು ಮನ್ನಾ ಮಾಡಿಲ್ಲ.

ಪ್ರಶ್ನೆ: ಈಗ ವಿದ್ಯಾರ್ಥಿ ಆಟಗಾರರಿಗೂ ಹಣ ಸಿಗುತ್ತದೆಯಂತೆ. ಅದರಿಂದ ದೊಡ್ಡ ತಂಡಗಳಿಗೆ ಲಾಭವಲ್ಲವೇ?

ಉತ್ತರ: ಲಾಭವೇ. ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದದಂತೆ, ಜುಲೈ 1ರಿಂದ ವಿಶ್ವವಿದ್ಯಾಲಯಗಳು 2025–26ರ ಸಾಲಿನಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದು. ಆದರೆ ಟೆಕ್ಸಸ್, ಪೆನ್ ಸ್ಟೇಟ್, ಆರೆಗನ್‌ಗಳ ಬೊಕ್ಕಸವೂ ಬರಿದಲ್ಲವಾದ್ದರಿಂದ, ಮೇಲಿನ ಹತ್ತು ತಂಡಗಳ ನಡುವೆ ಹಣದಿಂದ ಅಂತರ ಹುಟ್ಟುವುದು ಕಡಿಮೆ. ನಿಮ್ಮ ಮಗನಿಗೆ ನವೆಂಬರ್ 1ರ ಪೆನ್ ಸ್ಟೇಟ್ ಪಂದ್ಯದ ಟಿಕೆಟ್ ಸಿಕ್ಕರೆ, ಸ್ಮಿತ್‌ನ ಮೇಲಿನ ಕಣ್ಣನ್ನು ಸ್ವಲ್ಪ ತೆಗೆದು ಮುಂಚೂಣಿಯ ಹೊಸ ನಾಲ್ವರ ಮೇಲಿಡಲು ಹೇಳಿ. ಅವರ ಹಿಂದಿನವರನ್ನು ತರಬೇತು ಮಾಡಿದ ನೋಲ್ಸ್ ಅಂದು ಎದುರು ಪಾಳಯದಲ್ಲಿ ನಿಂತಿರುತ್ತಾರೆ.